ಬೆನ್ನು ತೋರಿಸುವ ವಾಚು

ಏಪ್ರಿಲ್ ಬಂತೆಂದರೆ ಜಿನೀವಾದಲ್ಲಿ ವಾಚುಗಳ ಜಾತ್ರೆ. 'ವಾಚಸ್ ಆ್ಯಂಡ್ ವಂಡರ್ಸ್' ಅಂತ ಅದರ ಹೆಸರು. 2025ರಲ್ಲಿ ಅಲ್ಲಿ 60 ಬ್ರಾಂಡ್‌ಗಳು ಮಳಿಗೆ ಹಾಕಿದ್ದವು. ಹೊಸದು ತೋರಿಸಲು ಒಬ್ಬರ ಮೇಲೊಬ್ಬರು ಬೀಳುವ ಆ ಜಾಗಕ್ಕೆ ಜೇಗರ್-ಲೆಕೂಲ್ತ್ರ ಕಂಪನಿ ತಂದಿಟ್ಟಿದ್ದು ಮಾತ್ರ 1931ರಲ್ಲಿ ಹುಟ್ಟಿದ ತನ್ನ 'ರಿವರ್ಸೋ' ವಾಚನ್ನೇ. ಚಿನ್ನದ ಪಟ್ಟಿಯದ್ದು, ಗಂಟೆ ಬಾರಿಸುವುದು, ಊರೂರಿನ ವೇಳೆ ಹೇಳುವುದು, ಪರ್ಷಿಯಾದ ಚಿತ್ರ ಹೊತ್ತದ್ದು ಹೀಗೆ ಬಗೆ ಹಲವಿದ್ದರೂ ಮೈಕಟ್ಟು ಒಂದೇ. ಅಜ್ಜನ ಕಾಲದ ಆಕಾರವನ್ನು ಆ ವರ್ಷದ ಹೊಸ ಮಾಲು ಎಂದು ಲಕ್ಷಗಟ್ಟಲೆ ಬೆಲೆಗೆ ಮಾರುವ ಧೈರ್ಯ ಇವರಿಗೆ ಎಲ್ಲಿಂದ ಬಂತು?

ಕಥೆ ಶುರುವಾಗುವುದು ಬ್ರಿಟಿಷರ ಕಾಲದ ಭಾರತದ ಪೋಲೋ ಮೈದಾನದಲ್ಲಿ. ಸೆಜಾರ್ ದ ತ್ರೇ ಎಂಬ ಸ್ವಿಸ್ ವ್ಯಾಪಾರಿ 1930ರ ಸುಮಾರಿಗೆ ಇಲ್ಲಿಗೆ ಬಂದಿದ್ದಾಗ ಸೇನಾಧಿಕಾರಿಯೊಬ್ಬ ಆಟದಲ್ಲಿ ಗಾಜು ಒಡೆದುಕೊಂಡ ತನ್ನ ವಾಚು ತೋರಿಸಿ, ಪೆಟ್ಟು ತಡೆಯುವಂಥದ್ದು ಸಿಕ್ಕೀತೇ ಎಂದು ಕೇಳಿದನಂತೆ. ಕಂಪನಿಯವರು ಇಂದಿಗೂ ಹೇಳಿಕೊಂಡು ಬರುವ ಕಥೆ ಇದು. ಸ್ವಲ್ಪ ಉಪ್ಪುಖಾರ ಬೆರೆತಿದ್ದರೂ ಇರಬಹುದು. ದಾಖಲೆಯಲ್ಲಿ ಇರುವುದಿಷ್ಟು: ದ ತ್ರೇ ಈ ವಿಚಾರವನ್ನು ವಾಚು ಕಾರ್ಖಾನೆಯ ಒಡೆಯ ಜಾಕ್-ದಾವೀದ್ ಲೆಕೂಲ್ತ್ರನ ಕಿವಿಗೆ ಹಾಕಿದ, ರೆನೆ-ಆಲ್ಫ್ರೆಡ್ ಶೊವೋ ಎಂಬ ಎಂಜಿನಿಯರ್ ನಕ್ಷೆ ಮಾಡಿದ, 1931ರ ಮಾರ್ಚ್ 4ರಂದು ಪ್ಯಾರಿಸ್ಸಿನಲ್ಲಿ ಪೇಟೆಂಟ್ ಅರ್ಜಿ ಬಿತ್ತು.

ಶೊವೋ ಗಟ್ಟಿ ಗಾಜಿನ ತಂಟೆಗೇ ಹೋಗಲಿಲ್ಲ. ಗಾಜನ್ನು ಅಡಗಿಸಿಬಿಟ್ಟ. ಆಯತಾಕಾರದ ಈ ವಾಚಿನ ಕೇಸು ಕೈಪಟ್ಟಿಗೆ ನೇರವಾಗಿ ಅಂಟಿಕೊಂಡಿಲ್ಲ. ಕೆಳಗೊಂದು ಲೋಹದ ತಟ್ಟೆ ಇದೆ, ಕೇಸು ಅದರ ಮೇಲೆ ಕೂತಿದೆ. ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಕೇಸು ತೋಡಿನೊಳಗೆ ಸುಯ್ಯನೆ ಜಾರುತ್ತದೆ. ಅಂಚು ಮುಟ್ಟಿದ ಮೇಲೆ ಮಗುಚುತ್ತದೆ. ಮತ್ತೆ ಒಳಕ್ಕೆ ತಳ್ಳಿದರೆ 'ಟಕ್' ಎಂದು ತನ್ನ ಜಾಗದಲ್ಲಿ ಕೂರುತ್ತದೆ. ಈಗ ಡಯಲ್ಲು ಮಣಿಕಟ್ಟಿನ ಕಡೆಗೆ, ಬರೀ ಲೋಹದ ಬೆನ್ನು ಆಕಾಶಕ್ಕೆ. ಚೆಂಡೋ ಕೋಲೋ ಬಂದು ಬಡಿದರೆ ಬಡಿಯಲಿ. ಕೇಸು ಅಲ್ಲಾಡದೆ ನಿಲ್ಲಬೇಕು, ಬೇಕೆಂದಾಗ ಸಲೀಸಾಗಿ ಜಾರಬೇಕು. ಎರಡನ್ನೂ ಕೂದಲೆಳೆಯ ಲೆಕ್ಕದಲ್ಲಿ ಸರಿದೂಗಿಸಬೇಕು. ಇವತ್ತಿನ ರಿವರ್ಸೋದ ಹೊರಕವಚ ಒಂದರಲ್ಲೇ 50ಕ್ಕೂ ಹೆಚ್ಚು ಬಿಡಿಭಾಗಗಳಿವೆ. ಒಳಗಿನ ಯಂತ್ರದ ಲೆಕ್ಕ ಬೇರೆ.

ಪೋಲೋದವರಿಗಿಂತ ಬೇಗ ಈ ವಾಚನ್ನು ಮೆಚ್ಚಿದ್ದು ಮೈದಾನಕ್ಕೆ ಕಾಲಿಡದ ಸಿರಿವಂತರು. ಖಾಲಿ ಬೆನ್ನು ಕಂಡ ಮೇಲೆ ಅವರು ಸುಮ್ಮನಿದ್ದಾರೆಯೇ? ಹೆಸರು, ಮನೆತನದ ಲಾಂಛನ, ಪ್ರೇಯಸಿಯ ಚಿತ್ರ ಕೆತ್ತಿಸಿದರು. ವಿಮಾನ ಹಾರಿಸುತ್ತಿದ್ದ ಅಮೆಲಿಯಾ ಇಯರ್‌ಹಾರ್ಟ್ ಹೆಸರಿನ ಒಂದು ರಿವರ್ಸೋ ಮೇಲೆ, ಆಕೆ 1935ರಲ್ಲಿ ಮೆಕ್ಸಿಕೋ ಸಿಟಿಯಿಂದ ನ್ಯೂಯಾರ್ಕ್ ಕಡೆಗೆ ಹಾರಿದ ದಾರಿ ಇದೆ. 1936ರ ಇನ್ನೊಂದರ ಬೆನ್ನಿಗೆ ಭಾರತದ ಹೆಣ್ಣೊಬ್ಬಳ ಎನಾಮಲ್ ಚಿತ್ರ. ಪೆಟ್ಟು ತಿನ್ನಲೆಂದು ಮಾಡಿದ ಲೋಹದ ತಗಡು ಹೀಗೆ ಐದೇ ವರ್ಷದಲ್ಲಿ ಶೃಂಗಾರದ ಜಾಗವಾಯಿತು. ನನ್ನ ಲೆಕ್ಕದಲ್ಲಿ ಕಂಪನಿಯ ಇವತ್ತಿನ ವ್ಯಾಪಾರವೆಲ್ಲ ನಿಂತಿರುವುದು ಆ ತಗಡಿನ ಮೇಲೆಯೇ.

ಇದನ್ನು ಮಾಡುವ ಊರು ಲೆ ಸಾಂಟಿಯೆ. ಫ್ರಾನ್ಸಿನ ಗಡಿಗೆ ಹತ್ತಿರ, ಜೂರಾ ಬೆಟ್ಟಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದ ಜೂ ಕಣಿವೆಯಲ್ಲಿದೆ. ಚಳಿಗಾಲವಿಡೀ ಹಿಮ. ಹೊಲಗೆಲಸ ನಿಂತ ತಿಂಗಳುಗಳಲ್ಲಿ ರೈತರ ಮನೆಗಳಲ್ಲೇ ಗಡಿಯಾರದ ಬಿಡಿಭಾಗ ಮಾಡುವ ಕಸುಬು ಬೆಳೆದ ಸೀಮೆ ಅದು. ಅಂತೋನ್ ಲೆಕೂಲ್ತ್ರ ಅಲ್ಲಿ 1833ರಲ್ಲಿ ಕಾರ್ಖಾನೆ ಹೂಡಿದ. 1844ರಲ್ಲಿ ಮಿಲಿಮೀಟರಿನ ಸಾವಿರದ ಒಂದು ಪಾಲನ್ನು ಅಳೆಯುವ ಸಾಧನ ಕಟ್ಟಿದ. ಅಳೆಯಲು ಬಂದದ್ದನ್ನು ಮಾಡಲೂ ಬಂತು. ಪ್ಯಾರಿಸ್ಸಿನ ಎಡ್ಮಂಡ್ ಜೇಗರ್ 1903ರಲ್ಲಿ, ಇಷ್ಟು ತೆಳ್ಳಗಿನ ಯಂತ್ರ ಯಾರಾದರೂ ಮಾಡಿಕೊಡಿ ನೋಡೋಣ ಎಂದು ಸವಾಲೆಸೆದ. ಒಪ್ಪಿಕೊಂಡವನು ಅಂತೋನನ ಮೊಮ್ಮಗ ಜಾಕ್-ದಾವೀದ್. ಎರಡು ಹೆಸರು ಒಂದಾದದ್ದು 1937ರಲ್ಲಿ. ಈ ಮನೆಯ '101' ಎಂಬ ಯಂತ್ರದ ತೂಕ ಒಂದು ಗ್ರಾಂ ಕೂಡ ಇಲ್ಲ. 1953ರ ಪಟ್ಟಾಭಿಷೇಕದ ದಿನ ರಾಣಿ ಎಲಿಜಬೆತ್ ಕೈಯಲ್ಲಿದ್ದ ವಾಚಿನೊಳಗೆ ಅದೇ ಮಿಡಿಯುತ್ತಿತ್ತು.

ಸೆಲ್ ಹಾಕುವ ಕ್ವಾರ್ಟ್ಜ್ ವಾಚು 1969ರಲ್ಲಿ ಜಪಾನಿನಿಂದ ಬಂದ ಮೇಲೆ ಸ್ವಿಸ್ ಕಸುಬು ಮಕಾಡೆ ಮಲಗಿತು. ರಿವರ್ಸೋ ಕೇಳುವವರಿರಲಿಲ್ಲ. ಜಾರ್ಜೋ ಕೊರ್ವೋ ಎಂಬ ಇಟಲಿಯ ವ್ಯಾಪಾರಿ 1972ರಲ್ಲಿ ಕಾರ್ಖಾನೆಗೆ ಹೋದಾಗ ಧೂಳು ಹಿಡಿದು ಬಿದ್ದಿದ್ದ 200 ಖಾಲಿ ಕೇಸುಗಳನ್ನು ಕಂಡ. ಅಷ್ಟನ್ನೂ ಕೊಂಡು, ಯಂತ್ರ ಕೂರಿಸಿ ಇಟಲಿಯಲ್ಲಿ ಮಾರಿಬಿಟ್ಟ. ಆಮೇಲೆ ಕಾರ್ಖಾನೆಯವರಿಗೂ ಕಣ್ಣು ತೆರೆಯಿತು.

2025ರ ಹೊಸ ಸಾಲಿನಲ್ಲಿ ಹೆಚ್ಚು ಸುದ್ದಿ ಮಾಡಿದ್ದು ಗುಲಾಬಿ ಚಿನ್ನದ, ಒಂದೇ ಡಯಲ್ಲಿನ ಮಾನೋಫೇಸ್. ಅದರ ಪಟ್ಟಿಯೂ ಚಿನ್ನದ್ದೇ, 16 ಮೀಟರ್‌ಗೂ ಹೆಚ್ಚು ಉದ್ದದ ಚಿನ್ನದ ಎಳೆಯನ್ನು ಬಟ್ಟೆಯಂತೆ ನೇಯ್ದದ್ದು. ಇಷ್ಟೆಲ್ಲ ಇದ್ದೂ ಅದು ದಿನಾ ಕೀ ಕೊಡಬೇಕಾದ ವಾಚು. ಒಮ್ಮೆ ಕೊಟ್ಟರೆ 42 ಗಂಟೆ ಓಡುತ್ತದೆ. ಬೆಳಿಗ್ಗೆ ಎದ್ದು ಎಚ್‌ಎಂಟಿ ಜನತಾಗೆ ಕೀ ಕೊಟ್ಟು ಕೆಲಸಕ್ಕೆ ಹೊರಡುತ್ತಿದ್ದ ನಮ್ಮ ಮೇಷ್ಟ್ರುಗಳು, ಗುಮಾಸ್ತರು ಮಾಡುತ್ತಿದ್ದುದು ಇದನ್ನೇ.

ನನಗೆ ಆ ಮಾನೋಫೇಸ್‌ಗಿಂತ ಹಿಡಿಸಿದ್ದು ಮಿನಿಟ್ ರಿಪೀಟರ್. ಕರೆಂಟು ಇಲ್ಲದ ಕಾಲದಲ್ಲಿ ಕತ್ತಲಲ್ಲಿ ವೇಳೆ ತಿಳಿಯಲೆಂದು ಹುಟ್ಟಿದ ತಂತ್ರ ಇದು. ಬದಿಯ ಮೀಟುಗೋಲು ಎಳೆದರೆ ಒಳಗಿನ ಪುಟ್ಟ ಸುತ್ತಿಗೆಗಳು ಗಂಟೆಗೊಂದು ದನಿ, ಕಾಲುಗಂಟೆಗೆ ಜೋಡಿ ದನಿ, ನಿಮಿಷಕ್ಕೊಂದು ದನಿ ಬಾರಿಸುತ್ತವೆ. ಹನ್ನೆರಡು ಗಂಟೆ ಐವತ್ತೊಂಬತ್ತು ನಿಮಿಷ ಎಂದುಕೊಳ್ಳಿ. ಗಂಟೆಗೆ ಹನ್ನೆರಡು ಏಟು, ಮೂರು ಕಾಲಿಗೆ ಮೂರು ಜೋಡಿ, ಉಳಿದ ನಿಮಿಷಕ್ಕೆ ಹದಿನಾಲ್ಕು. ಅತಿ ಉದ್ದದ ಕಛೇರಿ ಅದೇ.

ಎನಾಮಲ್‌ನವು ನಾಲ್ಕು, ನಾಲ್ಕರ ಬೆನ್ನ ಮೇಲೂ ಪರ್ಷಿಯಾದ ಮಹಾಕಾವ್ಯ ಶಾನಾಮೆಯ ಪುಟಗಳು. ಅರೆದ ಗಾಜಿನ ಪುಡಿಯ ಬಣ್ಣವನ್ನು ಪದರ ಪದರವಾಗಿ ಬಳಿದು, ಪ್ರತಿ ಸಲವೂ ಸುಮಾರು 800 ಡಿಗ್ರಿಯ ಕುಲುಮೆಯಲ್ಲಿ ಸುಡಬೇಕು. ಕೊನೆಯ ಸುಡುವಿಕೆಯಲ್ಲಿ ಬಿರುಕು ಬಿಟ್ಟರೆ ಮೊದಲಿನಿಂದ ಶುರು. ಬೆರಳತುದಿಯಷ್ಟು ಅಗಲದಲ್ಲಿ ಒಬ್ಬ ವೀರನ ಹುಬ್ಬು ಬರೆಯುವಾಗ ಕಲಾವಿದರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯುವಂತಿಲ್ಲ.

ಉಳಿದದ್ದು ಜಿಯಾಗ್ರಾಫಿಕ್. ಅದರ ಬೆನ್ನಿಗೆ ಭೂಪಟ, ಸುತ್ತ ಇಪ್ಪತ್ನಾಲ್ಕು ಕಾಲವಲಯಗಳಿಗೆ ಇಪ್ಪತ್ನಾಲ್ಕು ಊರು. ಲೋಕದ ಯಾವ ಮೂಲೆಯಲ್ಲಿ ಈಗ ಎಷ್ಟು ಗಂಟೆ ಎಂದು ಒಂದೇ ನೋಟಕ್ಕೆ ಹೇಳುವುದು ಅದರ ಹೆಮ್ಮೆ. ಆದರೆ ಒಂದು ಊರಿಗೂ ಇನ್ನೊಂದಕ್ಕೂ ಲೆಕ್ಕ ಪೂರ್ತಿ ಒಂದು ಗಂಟೆಯದು. ನಮ್ಮ ದೇಶದ ಗಡಿಯಾರ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಆ ಅರ್ಧಕ್ಕೆ ಚಕ್ರದಲ್ಲಿ ಜಾಗವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೂತು ಮೈಸೂರಿನ ಅಮ್ಮನಿಗೆ ಫೋನು ಮಾಡುವವರು, ಹಲವು ಲಕ್ಷ ಕೊಟ್ಟು ಇದನ್ನು ಕೊಂಡ ಮೇಲೂ ಗ್ರೀನಿಚ್‌ಗಿಂತ ಐದು ಗಂಟೆ ಮುಂದಿರುವ ಊರು ನೋಡಿ ಮನಸ್ಸಿನಲ್ಲೇ ಮೂವತ್ತು ನಿಮಿಷ ಕೂಡಿಸಿಕೊಳ್ಳಬೇಕು.