ಹೊಲಿಗೆ ಮಷಿನ್: ಯಾರ ಮಾತು ನಂಬುವುದು?

ಪ್ರಶ್ನೆ: ಹೊಲಿಗೆ ಮಷಿನ್ ಕೊಳ್ಳಬೇಕು. ಆನ್‌ಲೈನ್ ವಿಮರ್ಶೆಗಳನ್ನು ನಂಬಬಹುದೇ?

ಉತ್ತರ: ಮಷಿನ್ ಮನೆಗೆ ಬಂದ ದಿನವೇ ಬರೆದ ಹೊಗಳಿಕೆಯನ್ನು ಬದಿಗಿಡಿ. ಆರು ತಿಂಗಳಾದರೂ ಹೊಲಿದವರ ಮಾತು ಹುಡುಕಿ: ದಾರ ತುಂಡಾಗುತ್ತದೆಯೇ, ದಪ್ಪ ಬಟ್ಟೆಯಲ್ಲಿ ಹೊಲಿಗೆ ತಪ್ಪುತ್ತದೆಯೇ ಎಂಬುದು ಅವರಿಗೆ ಗೊತ್ತು. ಒಂದೇ ಧಾಟಿಯ ವಾಕ್ಯಗಳು ಸಾಲುಗಟ್ಟಿದ್ದರೆ ಅನುಮಾನಿಸಿ. ನಕಲಿ ವಿಮರ್ಶೆ ತಡೆಯಲು ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಮಾನದಂಡ ತಂದಾಗ ಅದರ ಪಾಲನೆ ಐಚ್ಛಿಕವಾಗಿತ್ತು. ಹಾಗಾಗಿ ನಮ್ಮ ಎಚ್ಚರ ನಮಗಿರಲಿ.

ಎಲ್ಲರಿಗಿಂತ ಒಳ್ಳೆಯ ವಿಮರ್ಶಕರೆಂದರೆ ನಿಮ್ಮೂರಿನ ಮಷಿನ್ ರಿಪೇರಿಯವರು. ಯಾವುದು ಪದೇಪದೇ ರಿಪೇರಿಗೆ ಬರುತ್ತದೆ, ಯಾವುದರ ಬಿಡಿಭಾಗ ಸುಲಭವಾಗಿ ಸಿಗುತ್ತದೆ ಎಂದು ಕೇಳಿ. ಕೊನೆಗೆ, ತೆಳು ಹತ್ತಿ ಬಟ್ಟೆ, ಹಳೆಯ ಜೀನ್ಸ್ ತುಂಡು ಒಯ್ದು ಅಂಗಡಿಯಲ್ಲೇ ಹೊಲಿದು ನೋಡಿ. ಮೇಲೆ, ಕೆಳಗೆ ಎರಡೂ ಕಡೆ ಹೊಲಿಗೆ ಒಂದೇ ಸಮನಾಗಿದ್ದರೆ ಅದೇ ನಿಜವಾದ ಶಿಫಾರಸು.