ಕೋಲಾರದ ಗಣಿಯಿಂದ ಮಲ್ಲತ್ತಹಳ್ಳಿಯವರೆಗೆ: ಮನೆತನದ ದಾರಿಯನ್ನು ಹುಡುಕುವುದು ಹೇಗೆ?



ಮಲ್ಲತ್ತಹಳ್ಳಿ, ನಾಗರಭಾವಿ, ಕೆಂಗೇರಿಯ ಕಡೆ ನೆಲೆಸಿರುವ ನಮ್ಮ ಕುಟುಂಬಗಳನ್ನು "ನಿಮ್ಮ ಸ್ವಂತ ಊರು ಯಾವುದು?" ಎಂದು ಕೇಳಿದರೆ ಕೆಲವರು ಮಂಗಳೂರು ಎನ್ನುತ್ತಾರೆ, ಕೆಲವರು ಕನಕಪುರ, ಆನೇಕಲ್ಲಿನ ಕಡೆ ಕೈ ತೋರುತ್ತಾರೆ, ಇನ್ನು ಕೆಲವರು "ಕೆ.ಜಿ.ಎಫ್., ಸ್ವಾಮಿ" ಎನ್ನುತ್ತಾರೆ. "ಅದಕ್ಕೂ ಮುಂಚೆ?" ಎಂದರೆ ಈ ಕೊನೆಯವರ ಮಾತು ಅಲ್ಲಿಗೇ ನಿಲ್ಲುತ್ತದೆ. ಅಜ್ಜಿಗೆ ಗೊತ್ತಿತ್ತು, ಅಜ್ಜಿ ಈಗಿಲ್ಲ. ಟ್ರಂಕಿನ ತಳದಲ್ಲಿ ಒಂದು ಕಟ್ಟು ಕಾಗದ ಇದೆ, ಎಲ್ಲವೂ ತಮಿಳಿನಲ್ಲಿವೆ. ಮೊಮ್ಮಕ್ಕಳು ಓದಿದ್ದು ಕನ್ನಡ, ಇಂಗ್ಲಿಷು. ಮನೆ ಬದಲಾಯಿಸುವಾಗ ಆ ಕಟ್ಟು ಹಳೇ ಪೇಪರಿನವನ ತಕ್ಕಡಿಗೆ ಬೀಳುತ್ತದೆ. ಹಾಗೆ ಬೀಳುವ ಮೊದಲು ಅದರಿಂದ ಏನನ್ನು ತಿಳಿಯಬಹುದು ಎಂಬುದೇ ಈ ಲೇಖನದ ವಿಷಯ.

ಕ್ರಿಸ್ತಜಯಂತಿಯ ಜಾಗರಣೆಯ ಬಲಿಪೂಜೆಯಲ್ಲಿ ಸಂತ ಮತ್ತಾಯರ ವಂಶಾವಳಿಯನ್ನು ಓದುವಾಗ ಮಕ್ಕಳು ಆಕಳಿಸುವುದನ್ನು ನಾವು ಪೀಠದಿಂದಲೇ ಕಾಣುತ್ತೇವೆ, ದೊಡ್ಡವರೂ ಆಕಳಿಸುತ್ತಾರೆ. ಆದರೆ ಆ ಪಟ್ಟಿಯಲ್ಲಿ ಗಡಿ ದಾಟಿ ಬಂದ ರೂತಳೂ ಇದ್ದಾಳೆ, ಬಾಬಿಲೋನಿಗೆ ಒಯ್ಯಲ್ಪಟ್ಟವರೂ ಇದ್ದಾರೆ. ಅದು ಅಲೆದು ಬಂದ ಒಂದು ಮನೆತನದ ಪಟ್ಟಿ.

ನಮ್ಮ ಕೆ.ಜಿ.ಎಫ್. ಕುಟುಂಬಗಳ ಅಲೆದಾಟಕ್ಕೆ ಒಂದು ದಿಕ್ಕಿದೆ. ಉತ್ತರ ಆರ್ಕಾಟಿನಿಂದ ಕೋಲಾರದ ಗಣಿಗೆ, ಗಣಿಯಿಂದ ಬೆಂಗಳೂರಿಗೆ, ಬೆಂಗಳೂರಿನ ದಂಡು ಪ್ರದೇಶದಿಂದ ರಾಜಾಜಿನಗರ, ವಿಜಯನಗರ ದಾಟಿ ಇಲ್ಲಿಗೆ. ಪ್ರತಿ ಹೆಜ್ಜೆಯೂ ಪಶ್ಚಿಮಕ್ಕೆ. 1876–78ರ ಮಹಾಕ್ಷಾಮ ದಕ್ಷಿಣದ ಜಿಲ್ಲೆಗಳನ್ನು ಹಿಂಡಿದ ಮೇಲೆ, 1880ರಿಂದ ಜಾನ್ ಟೇಲರ್ ಕಂಪನಿ ಕೋಲಾರದಲ್ಲಿ ಚಿನ್ನ ತೆಗೆಯಲು ತೊಡಗಿತು. ಕೂಲಿಗೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರಿನ ಕಡೆಯಿಂದ ಜನ ಬಂದರು, ಹೆಚ್ಚಿನವರು ದಲಿತರು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು, ಬೆಂಗಳೂರಿನ ಬೀದಿಗಳಿಗಿಂತ ಮೊದಲೇ. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 1956ರಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು, ಆಮೇಲೆ ಕೇಂದ್ರ ಸರ್ಕಾರ ವಹಿಸಿಕೊಂಡಿತು, 2001ರಲ್ಲಿ ಮುಚ್ಚಿತು. ಮುಚ್ಚುವ ಮೊದಲೇ ಹೊರಟವರು ಅನೇಕರು, ಮುಚ್ಚಿದ ಮೇಲೆ ಹೊರಟವರು ಇನ್ನೂ ಅನೇಕರು.

ಈ ದಾರಿಯನ್ನು ಕಾಗದದ ಮೇಲೆ ಕಾಣಬಹುದೇ? ಕಾಣಬಹುದು, ಮತ್ತು ಅದಕ್ಕೆ ನಮ್ಮ ದೇವಾಲಯಗಳ ಪುಸ್ತಕಗಳಷ್ಟು ಸಹಾಯ ಮಾಡುವ ದಾಖಲೆ ಬೇರೊಂದಿಲ್ಲ ಎಂದೇ ನಮ್ಮ ಅಭಿಪ್ರಾಯ. ಕಾರಣವನ್ನು ವಿವರಿಸುತ್ತೇವೆ. ದೀಕ್ಷಾಸ್ನಾನದ ಪುಸ್ತಕದಲ್ಲಿ ಪ್ರತಿ ನಮೂದಿನ ಪಕ್ಕ ಅಂಚಿನಲ್ಲಿ ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ಆ ಮಗು ಮುಂದೆ ಬೆಳೆದು ಯಾವ ಧರ್ಮಕೇಂದ್ರದಲ್ಲಿ ವಿವಾಹವಾದರೂ ಅಲ್ಲಿನ ಗುರುಗಳು ದೀಕ್ಷಾಸ್ನಾನವಾದ ಧರ್ಮಕೇಂದ್ರಕ್ಕೆ ತಿಳಿಸಬೇಕು, ಇಲ್ಲಿನವರು ಅದನ್ನು ಅಂಚಿನಲ್ಲಿ ಬರೆಯಬೇಕು. 'ನೆ ತೆಮೆರೆ' ಎಂಬ ಆಜ್ಞಾಪತ್ರ 1907ರಲ್ಲಿ ಹೊರಟು 1908ರ ಪಾಸ್ಖದಿಂದ ಜಾರಿಗೆ ಬಂದಾಗ ಈ ಪದ್ಧತಿ ಕಡ್ಡಾಯವಾಯಿತು. ಇಂದಿನ ಧರ್ಮಸಭೆಯ ಕಾನೂನಿನ 535ನೆಯ ವಿಧಿಯೂ ಅದನ್ನೇ ಹೇಳುತ್ತದೆ. ಎರಡು ಸಲ ಮದುವೆಯಾಗುವುದನ್ನು ತಡೆಯಲು ಮಾಡಿದ ನಿಯಮ ಇದು. ಆದರೆ ಊರು ಬಿಟ್ಟು ಹೋದವರು ಎಲ್ಲಿಗೆ ಹೋದರು ಎಂಬುದಕ್ಕೆ ಅದೇ ಕೈಮರವಾಗಿದೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. 1912ರಲ್ಲಿ ಚಾಂಪಿಯನ್ ರೀಫಿನಲ್ಲಿ ಒಂದು ಗಂಡುಮಗುವಿಗೆ ದೀಕ್ಷಾಸ್ನಾನ. ಅಂಚಿನಲ್ಲಿ: 1934, ಊರಿಗಾಂನಲ್ಲಿ ವಿವಾಹ. ಅವರ ಮಗಳ ನಮೂದಿನ ಅಂಚಿನಲ್ಲಿ: 1957, ಬೆಂಗಳೂರು ದಂಡಿನಲ್ಲಿ ವಿವಾಹ. ಆಕೆಯ ಮಗನ ಅಂಚಿನಲ್ಲಿ: 1990, ರಾಜಾಜಿನಗರ. ಮೂರು ಅಂಚುಗಳಲ್ಲಿ ಮೂರು ತಲೆಮಾರಿನ ಪ್ರಯಾಣ ಮುಗಿಯಿತು. ಇದು ಮುಂದಕ್ಕೆ ಹೋಗುವ ದಾರಿ. ಹಿಂದಕ್ಕೆ ಹೋಗಬೇಕಾದರೆ ವಿವಾಹದ ಪುಸ್ತಕ ಹಿಡಿಯಬೇಕು. ವಧೂವರರು ಎಲ್ಲಿ ದೀಕ್ಷಾಸ್ನಾನ ಪಡೆದರು ಎಂಬುದು ಅಲ್ಲಿ ಸಿಗುತ್ತದೆ, ಅಲ್ಲಿಂದ ಅವರ ತಂದೆತಾಯಿಗಳ ಹೆಸರು ಸಿಗುತ್ತದೆ. ಆದ್ದರಿಂದ ನಿಮ್ಮ ಸ್ವಂತ ಪ್ರಮಾಣಪತ್ರದಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಇಳಿಯಿರಿ. ಮುತ್ತಾತನಿಂದ ಶುರುಮಾಡಿದವರು ದಾರಿ ತಪ್ಪುತ್ತಾರೆ.

ಇಲ್ಲಿ ಎಡವುವ ಕಲ್ಲು ಒಂದಿದೆ: ಹೆಸರುಗಳು. ಹಳೆಯ ಪುಸ್ತಕಗಳನ್ನು ಫ್ರೆಂಚ್ ಗುರುಗಳು ಲತೀನ್ ಭಾಷೆಯಲ್ಲಿ ಬರೆದರು. ಮನೆಯಲ್ಲಿ ಚಿನ್ನಪ್ಪ ಎನಿಸಿಕೊಂಡವನು ಪುಸ್ತಕದಲ್ಲಿ 'ಪೌಲುಸ್'. ರಾಯಪ್ಪ ಅಲ್ಲಿ 'ಪೇತ್ರುಸ್', ಸೂಸೈ 'ಜೋಸೆಫುಸ್', ಯಾಗಪ್ಪ 'ಯಾಕೋಬುಸ್', ಅರುಳಪ್ಪ 'ಯೊವಾನ್ನೆಸ್', ಇನ್ನಾಸಪ್ಪ 'ಇಗ್ನಾತಿಯುಸ್'. ಸವರಿಮುತ್ತು ಎಂದು ಹುಡುಕಿದರೆ ಸಿಗುವುದಿಲ್ಲ, 'ಫ್ರಾನ್ಸಿಸ್ಕುಸ್ ಕ್ಸವೇರಿಯುಸ್' ಎಂದು ಹುಡುಕಬೇಕು. ಕನ್ನಡ ಹಳ್ಳಿಗಳ ನಮ್ಮ ಹಿರಿಯರಲ್ಲೂ ಇದೇ ರಾಯಪ್ಪ, ಚಿನ್ನಪ್ಪ, ಇನ್ನಾಸಪ್ಪ, ಚೌರಪ್ಪ. ತಮಿಳಿನವರು ಯಾರು, ಕನ್ನಡದವರು ಯಾರು ಎಂದು ನಮ್ಮ ಬೆಂಗಳೂರು ಧರ್ಮಸಭೆಯಲ್ಲಿ ಎಷ್ಟೋ ವರ್ಷ ಜಗಳವಾಡಿದ್ದೇವೆ. ಆ ಪುಸ್ತಕ ಇಬ್ಬರನ್ನೂ 'ಪೌಲುಸ್' ಎಂದೇ ಬರೆದುಕೊಂಡಿದೆ.

ಇನ್ನು ಕಾಗದಗಳ ವಿಷಯ. ತಾರೀಖಿಲ್ಲದ ಕಾಗದ ಎಂದು ಬಿಸಾಡಬೇಡಿ. ಅಂಚೆಚೀಟಿಯ ಬೆಲೆ ಆಣೆಯಲ್ಲಿದ್ದರೆ ಅದನ್ನು 1957ರ ಏಪ್ರಿಲ್‌ಗೆ ಮೊದಲು ಅಚ್ಚುಮಾಡಿದ್ದು, 'ನಯಾ ಪೈಸೆ' ಎಂದಿದ್ದರೆ ಆ ಬಳಿಕದ್ದು. ವಿಳಾಸದಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. 560056 ಎಂದಿದ್ದರೆ ಆ ಹೊತ್ತಿಗೆ ನಿಮ್ಮವರು ಜ್ಞಾನಭಾರತಿಯ ಕಡೆಗೆ ಬಂದಿದ್ದರು ಎಂದು ತಿಳಿಯಿರಿ. 'ಮೈಸೂರು ಸ್ಟೇಟ್' ಎಂದಿದ್ದರೆ ಬಹುಶಃ 1973ರ ನವೆಂಬರ್‌ಗೆ ಹಿಂದಿನದು. ಬಹುಶಃ ಎನ್ನಲು ಕಾರಣ, ಹಳೆಯ ಅಭ್ಯಾಸ ಬಿಡದವರೂ ಇರುತ್ತಾರೆ. ಅಂಚೆಯ ಮುದ್ರೆಯನ್ನು ಭೂತಗನ್ನಡಿ ಹಿಡಿದು ನೋಡಿ, ಒಳಗಿನ ಬರಹಕ್ಕಿಂತ ಅದು ಹೆಚ್ಚು ನಂಬಿಕೆಗೆ ಯೋಗ್ಯ.

ಊರ ಹೆಸರುಗಳೂ ಮೋಸಮಾಡುತ್ತವೆ. "ನಮ್ಮ ತಾತ ಮೈಸೂರಿನಲ್ಲಿ ಕೆಲಸಕ್ಕಿದ್ದರು" ಎಂದು ಹೇಳುವ ಮನೆಯವರು ಒಮ್ಮೆ ಯೋಚಿಸಬೇಕು: ಕೆ.ಜಿ.ಎಫ್.ನಲ್ಲಿ 'ಮೈಸೂರು ಮೈನ್' ಎಂಬ ಗಣಿಯೇ ಇತ್ತು. 'ನಂದಿದುರ್ಗ' ಎಂದರೆ ಬೆಟ್ಟವಲ್ಲ, ಅದೂ ಗಣಿ. 'ಬಾಲಘಾಟ್' ಕೂಡ ಮಧ್ಯಪ್ರದೇಶದ್ದಲ್ಲ. 'ಉತ್ತರ ಆರ್ಕಾಟ್ ಜಿಲ್ಲೆ' ಎಂದು ಬರೆದಿದ್ದರೆ ಇಂದು ಆ ಹಳ್ಳಿ ವೆಲ್ಲೂರು, ತಿರುವಣ್ಣಾಮಲೈ, ರಾಣಿಪೇಟೆ, ತಿರುಪತ್ತೂರು ಈ ಯಾವ ಜಿಲ್ಲೆಯಲ್ಲಾದರೂ ಇರಬಹುದು. 1911ಕ್ಕೆ ಹಿಂದಿನ ಕಾಗದವಾದರೆ ಈಗಿನ ಆಂಧ್ರದ ಚಿತ್ತೂರಿನ ಕಡೆಯೂ ಇರಬಹುದು. ನಮ್ಮ ಕಡೆಯೂ ಹಾಗೆಯೇ: ಬೆಂಗಳೂರು ಧರ್ಮಕ್ಷೇತ್ರವಾದದ್ದು 1940ರಲ್ಲಿ, ಅದಕ್ಕೆ ಮುಂಚೆ ಕೋಲಾರದ ಗಣಿಯೂ ಮೈಸೂರು ಧರ್ಮಕ್ಷೇತ್ರಕ್ಕೇ ಸೇರಿತ್ತು. ವೆಲ್ಲೂರು ಧರ್ಮಕ್ಷೇತ್ರ 1952ರದ್ದು.

ಗಣಿಯ ಕಾಗದಗಳನ್ನೂ ತೆಗೆದಿಡಿ: ಸರ್ವಿಸ್ ಪುಸ್ತಕ, ಪ್ರಾವಿಡೆಂಟ್ ಫಂಡಿನ ಚೀಟಿ, ಎದೆಯ ಎಕ್ಸ್‌ರೇ ಇಟ್ಟ ಲಕೋಟೆ ಕೂಡ. ಕಲ್ಲಿನ ಧೂಳು ಸೇರಿ ಸಿಲಿಕೋಸಿಸ್ ಆಗಿ ಸತ್ತವರ ಮನೆಗಳಲ್ಲಿ ಅದೊಂದೇ ಉಳಿದಿರುವುದುಂಟು. ಆ ಕಾರ್ಮಿಕರಿಗೆ ದಾಖಲೆ ಎಂದರೆ ಪ್ರೀತಿಯ ವಸ್ತುವಾಗಿರಲಿಲ್ಲ. ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂದು ಕಂಪನಿ ಹೇಳಿದ್ದಕ್ಕೆ 1930ರಲ್ಲಿ ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ಅವರ ಮರ್ಯಾದೆಯ ಪ್ರಶ್ನೆ ಅದರಲ್ಲಿತ್ತು.

ಮರ್ಯಾದೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಲೇಬೇಕು. ಕೆಲವು ಹಳೆಯ ನಮೂದುಗಳಲ್ಲಿ ಹೆಸರಿನ ಮುಂದೆ ಜಾತಿಯನ್ನೂ ಬರೆದಿದ್ದಾರೆ. ಅದನ್ನು ಕಂಡು ಹುಡುಕುವುದನ್ನೇ ನಿಲ್ಲಿಸಿದವರಿದ್ದಾರೆ, ಮಕ್ಕಳಿಗೆ ಹೇಳಬೇಡಿ ಸ್ವಾಮಿ ಎಂದವರೂ ಇದ್ದಾರೆ. ಅವರ ನೋವು ನಮಗೆ ಅರ್ಥವಾಗುತ್ತದೆ. ಆದರೂ ಮುಚ್ಚಿಡಬಾರದು ಎಂಬುದೇ ನಮ್ಮ ನಿಲುವು. ನಾಚಿಕೆಪಡಬೇಕಾದವರು ಹಾಗೆ ಬರೆಯಿಸಿಕೊಂಡವರಲ್ಲ. ಲೌಕಿಕ ಕಾರಣವೂ ಇದೆ: 1950ರ ರಾಷ್ಟ್ರಪತಿ ಆಜ್ಞೆಯಂತೆ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ, ಆದರೆ ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರು ಪ್ರವರ್ಗ-1ರಲ್ಲಿ ಬರುತ್ತಾರೆ, ಉಳಿದ ಕ್ರೈಸ್ತರು 3-ಬಿಯಲ್ಲಿ. ಅಜ್ಜನ ನಮೂದು ಮೊಮ್ಮಗಳ ಕಾಲೇಜಿನ ಅರ್ಜಿಗೆ ನೆರವಾಗಬಹುದು.

ದೇವಾಲಯದ ಪುಸ್ತಕಗಳು ಎಲ್ಲರೂ ತಿರುವಿಹಾಕಲು ಇಟ್ಟವಲ್ಲ ಎಂಬುದನ್ನೂ ತಿಳಿದಿರಿ. ದತ್ತು, ಒಡೆದ ಸಂಸಾರ, ತಂದೆಯ ಹೆಸರಿಲ್ಲದ ಮಗು, ಹೀಗೆ ಬೇರೆಯವರ ಮನೆಯ ಗುಟ್ಟುಗಳೂ ಅದೇ ಪುಟದಲ್ಲಿರುತ್ತವೆ. ಗುರುಗಳೇ ಹುಡುಕಿ ನಿಮ್ಮ ನಮೂದಿನ ನಕಲನ್ನು ಕೊಡುತ್ತಾರೆ. ಅವರು ತಡಮಾಡಿದರೆ ಬೇಸರ ಬೇಡ, ಶನಿವಾರ ಸಂಜೆ ಹೋಗಬೇಡಿ.

ತಮಿಳು ಕಾಗದಗಳನ್ನು ಓದಿಸಲು ದೂರ ಹೋಗಬೇಕಾಗಿಲ್ಲ. ನಿಮ್ಮ ಪಕ್ಕದ ಬೆಂಚಿನಲ್ಲಿ ಕೂರುವ ಅಜ್ಜಿಯೊಬ್ಬರಿಗೆ ಬರುತ್ತದೆ, ಕೇಳಿದರೆ ಸಂತೋಷಪಡುತ್ತಾರೆ. ಮೊದಲು ಫೋಟೋ ತೆಗೆದುಕೊಳ್ಳಿ, ಆಮೇಲೆ ಕೈಗೆ ಕೊಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಕಾಗದ ಹಾಳಾಗುತ್ತದೆ. ಕೆ.ಜಿ.ಎಫ್.ನ ಧರ್ಮಕೇಂದ್ರಕ್ಕೆ ಬರೆಯುವಾಗ "ನಮ್ಮ ತಾತನ ವಿವರ ಬೇಕು" ಎಂದಷ್ಟೇ ಬರೆದರೆ ಉತ್ತರ ಬರುವುದಿಲ್ಲ. ತಾತನ ಮನೆಯ ಹೆಸರು, ದೀಕ್ಷಾಸ್ನಾನದ ಹೆಸರು, ಅವರ ತಂದೆತಾಯಿಗಳ ಹೆಸರು, ಹುಟ್ಟಿದ ವರ್ಷ ಅಂದಾಜಾದರೂ ಸರಿ, ಮತ್ತು ಅವರು ಯಾವ ಗಣಿಯ ಯಾವ ಲೈನಿನಲ್ಲಿ ವಾಸವಿದ್ದರು ಎಂಬುದನ್ನು ಬರೆಯಿರಿ. ಉತ್ತರಕ್ಕೆ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಒಳಗಿಡಿ.