ಅಣುಜೀವಿಗಳು ಮಣ್ಣಿನ ಲೋಹವನ್ನು ತಿಂದು ಮುಗಿಸುತ್ತವೆಯೇ?



ಮಣ್ಣಿಗೆ ಸೇರಿದ ಸೀಸ, ಕ್ರೋಮಿಯಂ ಮೊದಲಾದ ಭಾರಲೋಹಗಳನ್ನು ಅಣುಜೀವಿಗಳಿಂದ ಹೋಗಲಾಡಿಸಬಹುದಂತೆ, ನಿಜವೇ ಎಂದು ಸದಸ್ಯರು ನಮ್ಮನ್ನು ಕೇಳುತ್ತಿದ್ದಾರೆ. ಪಟ್ಟಣದ ಅಗ್ಗದ ಗೊಬ್ಬರವನ್ನೂ ಕೆರೆಗೋಡನ್ನೂ ತೋಟಕ್ಕೆ ತರಿಸುವ ಆಲೋಚನೆ ಕೆಲವರಿಗಿರುವುದರಿಂದ ಈ ವಿಷಯವನ್ನು ವಿವರಿಸುವುದು ಅಗತ್ಯವೆಂದು ಭಾವಿಸಿದ್ದೇವೆ.

ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿದವರಿಗೆಲ್ಲ ವೃಷಭಾವತಿಯ ವಾಸನೆ ಗೊತ್ತು. ಬೆಂಗಳೂರಿನ ಪಶ್ಚಿಮ ಭಾಗದ ಮನೆಗಳ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಅದು ಬಿಡದಿಯ ಬಳಿಯ ಬೈರಮಂಗಲ ಕೆರೆಯನ್ನು ಸೇರುತ್ತದೆ. ಆ ನೀರು ಹಾಯಿಸಿದ ಹೊಲಗಳ ಮಣ್ಣಿನಲ್ಲಿಯೂ ಬೆಳೆಯಲ್ಲಿಯೂ ಭಾರಲೋಹಗಳಿರುವುದನ್ನು ಸಂಶೋಧಕರು ಕಂಡಿದ್ದಾರೆ.

ದರಗು ಕೊಳೆತು ಮಣ್ಣಾಗುತ್ತದೆ, ಸೀಸ ಕೊಳೆಯುವುದಿಲ್ಲ. ಲೋಹವು ಮೂಲವಸ್ತುವಾದ್ದರಿಂದ ಯಾವ ಜೀವಿಯೂ ಅದನ್ನು ಇಲ್ಲವಾಗಿಸಲಾರದು. ಅಣುಜೀವಿಗಳು ಮಾಡುವುದು ಅದರ ರೂಪ ಬದಲಿಸುವ ಕೆಲಸವನ್ನು ಮಾತ್ರ. ಎಲೆಕ್ಟ್ರೋಪ್ಲೇಟಿಂಗ್ ಕೆಲಸದಿಂದ ಬರುವ ಕ್ರೋಮಿಯಂ-6 ನೀರಿನಲ್ಲಿ ಸುಲಭವಾಗಿ ಕರಗುವ ವಿಷ. ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಅಷ್ಟಾಗಿ ಕರಗದ, ಅಷ್ಟು ವಿಷವಲ್ಲದ ಕ್ರೋಮಿಯಂ-3 ಆಗಿ ಮಾರ್ಪಡಿಸುತ್ತವೆ. ಗಾಳಿಯಾಡದ ಕೆಸರಿನಲ್ಲಿ ಬದುಕುವ ಇನ್ನು ಕೆಲವು ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ಅದರೊಡನೆ ಸೀಸ, ಸತು, ತಾಮ್ರಗಳು ಕೂಡಿ ಗಸಿಯಾಗಿ ಕೂರುತ್ತವೆ. ನೆದರ್ಲೆಂಡ್ಸಿನ ಬುಡೆಲ್ ಊರಿನ ಸತುವಿನ ಕಾರ್ಖಾನೆಯಲ್ಲಿ ಕೆಟ್ಟ ಅಂತರ್ಜಲವನ್ನು 1992ರಲ್ಲಿ ಹೀಗೆಯೇ ಶುದ್ಧಿ ಮಾಡಲಾರಂಭಿಸಿದರು. ಆದರೆ ಅದು ತೊಟ್ಟಿಯೊಳಗಿನ ಕೆಲಸ. ಗಸಿಯನ್ನು ಬೇರ್ಪಡಿಸಿ ತೆಗೆಯಬಹುದು. ತೋಟದಲ್ಲಿ ಲೋಹ ಮಣ್ಣಿನಲ್ಲಿಯೇ ಉಳಿಯುತ್ತದೆ. ಮಣ್ಣು ಹುಳಿಯಾದರೆ ಮತ್ತೆ ಕರಗಿ ಬೇರಿಗೆ ಸಿಗಬಹುದು.

ಇನ್ನು ನಮ್ಮ ಮನೆಯ ಲೆಕ್ಕ. ಶೇಕಡಾ 1ರ ಬೋರ್ಡೋ ದ್ರಾವಣ 100 ಲೀಟರಿಗೆ 1 ಕಿಲೋ ಮೈಲುತುತ್ತ ಬೇಕು. ಅದರಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಕೊಳೆರೋಗಕ್ಕೆ ಔಷಧಿ ಹೊಡೆಯದೆ ಗತಿಯಿಲ್ಲ, ನಿಜ. ಆದರೆ ನೆಲಕ್ಕೆ ಬಿದ್ದ ತಾಮ್ರ ವರ್ಷ ವರ್ಷವೂ ಮೇಲ್ಮಣ್ಣಿನಲ್ಲಿಯೇ ಶೇಖರವಾಗುತ್ತದೆ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ:

1. ಉಳಿದ ದ್ರಾವಣವನ್ನು ಒಂದೇ ಕಡೆ ಸುರಿಯಬೇಡಿ, ಬೇಕಾದಷ್ಟನ್ನೇ ತಯಾರಿಸಿ.

2. ಕೊಟ್ಟಿಗೆ ಗೊಬ್ಬರ, ಸೊಪ್ಪು, ದರಗು ತಪ್ಪದೆ ಕೊಡಿ. ಇವು ತಾಮ್ರವನ್ನು ಹಿಡಿದಿಡುತ್ತವೆ, ಅಣುಜೀವಿಗಳಿಗೂ ಆಹಾರ. ಮಣ್ಣು ಪರೀಕ್ಷೆಯಂತೆ ಸುಣ್ಣ ಹಾಕಿ.

3. ಮಣ್ಣು ಆರೋಗ್ಯ ಚೀಟಿಯಲ್ಲಿ ತಾಮ್ರದ ಅಂಕಿ ಇರುತ್ತದೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಇರುವುದಿಲ್ಲ. ಪಟ್ಟಣದ ಗೊಬ್ಬರವನ್ನಾಗಲಿ ಕೆರೆಗೋಡನ್ನಾಗಲಿ ಕೊಳ್ಳುವ ಮೊದಲು ಇವುಗಳ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೇಳಿ ಮಾಡಿಸಿ.

ಬಾಟಲಿಯ ಅಣುಜೀವಿ ಸುರಿದರೆ ಲೋಹ ಮಾಯವಾಗುತ್ತದೆಂಬ ಮಾತಿಗೆ ಹಣ ಕೊಡಬೇಡಿ. ಲಾರಿ ತೋಟದೊಳಗೆ ಬರುವ ಮೊದಲೇ ವಿಚಾರಿಸಿ.

— ಕಾರ್ಯದರ್ಶಿ